ಕೋವಿಗೆ ಎಣ್ಣೆ ಬಿಟ್ಟದ್ದು

ವಫ್ರಾ, ಶುಕ್ರವಾರ

ಪ್ರೀತಿಯ ರಮ್ಲಾ, ಅಸ್ಸಲಾಮು ಅಲೈಕುಂ.

ಫೋನಿನಲ್ಲಿ ಉಮ್ಮ, ಮಕ್ಕಳು ಎಲ್ಲರೂ ಕೇಳಿಸಿಕೊಳ್ಳುತ್ತಾರೆ. ಅದಕ್ಕೇ ಊರಿಗೆ ಹೊರಟ ಕಾಸಿಂ ಕುಂಞಿಯ ಕೈಯಲ್ಲಿ ಈ ಕಾಗದ.

ತೋಟದ ನೀರಿನ ಪಂಪು ರಿಪೇರಿ ಮಾಡುವ ನನಗೆ ಕಫೀಲ್, ನಮ್ಮ ಅರಬಿ ಧಣಿ, ತನ್ನ ತೀರಿಹೋದ ತಂದೆಯ ಕೋವಿ ಕೊಟ್ಟು, ಸರಿಮಾಡು ಎಂದ. ಮುಂದಿನ ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳುವ ಹಳೆಯ ಬೇಟೆ ಕೋವಿ. ಹಾರಿಸಲಿಕ್ಕಲ್ಲ, ಅವನ ತಾಯಿಗೆ ಬೇಕಂತೆ. ನಾನು ಕೋವಿ ಮುಟ್ಟಿದ್ದೇ ಮೊದಲು. ಹದಿನೈದು ದಿನ ತುಕ್ಕು ಉಜ್ಜಿದೆ, ಮರಕ್ಕೆ ಪಾಲಿಶ್ ಹಚ್ಚಿದೆ, ಲಡಬಡ ಅಲ್ಲಾಡುತ್ತಿದ್ದ ಹಿಡಿಯನ್ನು ಬಿಗಿ ಮಾಡಿ ಎಣ್ಣೆ ಬಿಟ್ಟೆ. ಸದ್ದೇ ಇಲ್ಲದೆ ಜಾರತೊಡಗಿತು.

ಕೋವಿ ಕೊಂಡುಹೋದಾಗ ಅವನ ತಾಯಿ, ಆ ಅಜ್ಜಿ, ಕಣ್ಣು ಮುಚ್ಚಿ, "ಎಳಿ" ಎಂದರು. ಎಳೆದೆ. "ಇದು ಅವರದ್ದಲ್ಲ" ಎಂದುಬಿಟ್ಟರು. ಅಷ್ಟು ದುಡಿದ ನನಗೆ ಸಿಟ್ಟೇ ಬಂತು. ಆಮೇಲೆ ಹೇಳಿದರು: ಗಂಡ ಬೇಟೆಯಿಂದ ಬಂದರೆ, ಒಳಗೆ ಗುಂಡು ಉಳಿದಿದೆಯೇ ಎಂದು ಬಾಗಿಲಲ್ಲೇ ಎರಡು ಸಲ ಎಳೆದು ನೋಡುತ್ತಿದ್ದರಂತೆ. ಆ ಲಟಲಟ ಕೇಳಿದ ಮೇಲೆಯೇ ಇವರು ಚಹಾಕ್ಕೆ ನೀರಿಡುತ್ತಿದ್ದದ್ದು.

ಎಣ್ಣೆ ಒರೆಸಿದೆ. ಹಿಡಿಯನ್ನು ಮತ್ತೆ ಸಡಿಲ ಮಾಡಿ ಎರಡು ಸಲ ಎಳೆದೆ. ಅಜ್ಜಿ ಎದ್ದು ಅಡುಗೆಮನೆಗೆ ಹೋದರು.

ನಮ್ಮ ಗೇಟು ಕಿರುಗುಟ್ಟುತ್ತದೆ, ವೆಲ್ಡಿಂಗಿನವನನ್ನು ಕರೆಸುತ್ತೇನೆ ಎಂದಿದ್ದೆಯಲ್ಲ? ಕರೆಸಬೇಡ. ಎಣ್ಣೆಯನ್ನೂ ಬಿಡಬೇಡ. ನನಗೆ ರಜೆ ಸಿಗಲು ಇನ್ನು ಹತ್ತು ತಿಂಗಳಿದೆ, ಅಲ್ಲಿಯವರೆಗೆ ಹಾಗೆಯೇ ಇರಲಿ. ನಾನು ಗೇಟು ತಳ್ಳಿದಾಗ ನೀನು ನೋಡದೆಯೇ ಒಳಗಿನಿಂದ "ಬಂದಿರಾ?" ಎನ್ನಬೇಕು.

ನಿನ್ನ
ಹಂಝ