ಹೊಲಿಗೆ ಮಿಷನ್ನು ನಿಂತ ಜಾಗ

ತಮ್ಮಾ,

ನಾನು ಕೆಲಸಕ್ಕೆ ಹೊರಟೆ. ಮೇಜಿನ ಮೇಲಿರುವ, ಕಂಪ್ಯೂಟರಿಗೂ ಸ್ಪೀಕರಿಗೂ ನಡುವೆ ಜೋಡಿಸುವ ಆ ಎರಡು ಡ್ಯಾಕ್ ಪೆಟ್ಟಿಗೆಗಳಲ್ಲಿ ಒಂದನ್ನು ಇವತ್ತು ಐದರೊಳಗೆ ಅಂಗಡಿಗೆ ವಾಪಸು ಕೊಡಬೇಕು. ಒಂದು ವಾರದಿಂದ ಅಳೆದೂ ಸುರಿದೂ ನನ್ನ ತಲೆ ತಿಂದದ್ದು ಸಾಕು. ಬೆಳ್ಳಿ ಬಣ್ಣದ್ದನ್ನು ಕೊಟ್ಟು ಬಾ. ಅಡಾಪ್ಟರು ಮರೆಯಬೇಡ.

ನೀನು ಅಳೆದು ಬರೆದ ಅಂಕಿಗಳ ಪಟ್ಟಿಯಲ್ಲಿ ಅದೇ ಮೊದಲು ಅಂತ ಗೊತ್ತು. ಆದರೆ ಕಂಪ್ಯೂಟರಿನ ಹಾಡನ್ನು ಸ್ಪೀಕರಿಗೆ ದಾಟಿಸುವಾಗ ಅದು ಸಣ್ಣಗೆ ಗುಂಯ್‌ಗುಡುತ್ತದೆ. ಕಪ್ಪನೆಯದಕ್ಕೆ ಆ ರೋಗವಿಲ್ಲ.

ನಿನ್ನೆ ಅಮ್ಮ ಮಾರ್ಕೆಟ್ಟಿಗೆ ಹೋಗಿದ್ದಾಗ, ಅವಳು ಮನೆಯಲ್ಲೇ ಹಾಡಿದ್ದ ಹಳೇ ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸಿಟ್ಟ ಹಾಡನ್ನು ಕಪ್ಪನೆಯದರಲ್ಲಿ ಹಾಕಿದೆ. ಹಾಡಿನ ಹಿಂದೆ ಅಪ್ಪನ ಹೊಲಿಗೆ ಮಿಷನ್ನಿನ ಸದ್ದು ಕೇಳಿಸಿತು. ಅಮ್ಮ ಮೇಲಿನ ಸ್ವರಕ್ಕೆ ಏರಿದಾಗ ಅದು ನಿಲ್ಲುತ್ತದೆ. ಸಾಲು ಮುಗಿದ ಮೇಲೆ ಮತ್ತೆ ಶುರುವಾಗುತ್ತದೆ. ಹಾಡಿನಲ್ಲಿ ಆ ಸಾಲು ಬರುವ ಮೂರು ಸಲವೂ ಹಾಗೇ.

"ನಿಮ್ಮಪ್ಪ ಒಂದಿನಾನೂ ನನ್ನ ಹಾಡಿಗೆ ಕಿವಿಗೊಟ್ಟೋರಲ್ಲ" ಅಂತ, ಅಪ್ಪ ಹೋಗಿ ಆರು ವರ್ಷವಾದರೂ ಅಮ್ಮ ಹೇಳುತ್ತಲೇ ಇದ್ದಾಳಲ್ಲ.

ಅಂಗಡಿಯಿಂದ ಬಂದು ಅವಳನ್ನು ಸ್ಪೀಕರಿನ ಎದುರು ಕೂರಿಸಿ ಆ ಹಾಡು ಹಾಕು. ಬೇಸು, ಟ್ರೆಬಲ್ಲು ಅಂತ ಪಾಠ ಶುರುಮಾಡಬೇಡ. ಮಿಷನ್ನು ನಿಲ್ಲುವುದನ್ನು ಅವಳೇ ಕೇಳಲಿ.

ಅಕ್ಕ