ಡೇರೆಯ ಎಂಟು ಮುಖಗಳು

ನವೆಂಬರ್ ೧೪, ಶುಕ್ರವಾರ
ಮ್ಯೂಸಿಯಂನ ಹಿಂದಿನ ಕೆಲಸದ ಕೋಣೆ, ಊಟದ ಬಿಡುವು

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಚಳಿ ಶುರುವಾದರೆ ನಿನ್ನ ಕೆಮ್ಮೂ ಶುರುವಾಗುತ್ತಿತ್ತು, ಹೊದೆಯಲು ಸಾಕಷ್ಟಿದೆಯೇ? ಅಮ್ಮನ ಮಂಡಿನೋವು ಹಾಗೇ ಇದೆ, ಬೈಗುಳವೂ ಹಾಗೇ ಇದೆ. ನೀನು ಕಾಣೆಯಾಗಿದ್ದೀಯ ಎಂದು ಸೈನ್ಯದಿಂದ ಸುದ್ದಿ ಬಂದು ವರ್ಷ ದಾಟಿತು, ಆಮೇಲೆ ಏನೂ ಇಲ್ಲ. ನಿನ್ನ ತುಕಡಿ ಮಾತ್ರ ಇದೆಯಂತೆ. ಹೋದವರ ಜಾಗಕ್ಕೆ ಹೊಸಬರನ್ನು ತುಂಬಿ ಹಳೆಯ ಸಂಖ್ಯೆಯನ್ನೇ ಉಳಿಸಿಕೊಂಡಿದ್ದಾರೆ. ಆದ್ದರಿಂದ ಆ ವಿಳಾಸಕ್ಕೇ ಬರೆಯುತ್ತಿದ್ದೇನೆ.

ಸೈನ್ಯಕ್ಕೆ ಸೇರುವ ಮೊದಲು ನೀನು ಇಲ್ಲಿ ನನ್ನ ಬೆಂಚಿನ ಮೇಲೆ ಮಲಗಿ ನಮ್ಮ ಸೈನಿಕರ ಬೊಂಬೆಗಳಿಗೆ ಮುಖ ಕೊಟ್ಟಿದ್ದೆಯಲ್ಲ, ಆ ಅಚ್ಚು ಇನ್ನೂ ಕೆಲಸ ಮಾಡುತ್ತಿದೆ. ನಿನ್ನ ಮೂಗಿಗೆ ಎರಡು ಕೊಳವೆ ಸಿಕ್ಕಿಸಿ ಪ್ಲಾಸ್ಟರ್ ಸುರಿಯುತ್ತಾ ಇಲ್ಲಿ ಎರಕ ಹೊಯ್ಯುವ ನಮ್ಮ ತಾತ, "ಅಲ್ಲಾಡಬೇಡ ಕಣೋ, ನೀನು ಅಲ್ಲಾಡಿದ್ರೆ ಇಡೀ ಸೈನ್ಯಕ್ಕೇ ಸೊಟ್ಟ ಮೂಗು" ಎಂದಿದ್ದ. ನಗು ತಡೆಯಲಾಗದೆ ನಿನ್ನ ಹೊಟ್ಟೆ ಕುಣಿಯುತ್ತಿತ್ತು. ಶಿರಸ್ತ್ರಾಣದ ಕೆಳಗಿನ ಮುಖವನ್ನು ಯಾರು ನೋಡುತ್ತಾರೆ, ಎಲ್ಲರಿಗೂ ಒಂದೇ ಅಚ್ಚು ಸಾಕು ಎಂದು ನಾವು ತೀರ್ಮಾನಿಸಿದ್ದೆವು. ಹಾಗಾಗಿ ಈಗ ದೊಡ್ಡ ಹಾಲ್‌ನಲ್ಲಿ ಎಲ್ಲ ಕಾಲದ ಸೈನ್ಯದಲ್ಲೂ ನೀನೇ ಇದ್ದೀಯ. ಅಕ್ಷೌಹಿಣಿಯ ಬುಡವಾದ, ಪತ್ತಿ ಎಂಬ ಸಣ್ಣ ಗುಂಪಿನಲ್ಲಿ ಒಂದು ರಥ, ಒಂದು ಆನೆ, ಮೂರು ಕುದುರೆ. ಪಕ್ಕದಲ್ಲಿ ನಿಂತ ಐವರು ಕಾಲಾಳುಗಳೂ ನೀನೇ. ಹುಲ್ಲುಗಾವಲಿನ ಅಲೆಮಾರಿ ದಂಡಿನ ಹತ್ತು ಮಂದಿ ಸವಾರರೂ ನೀನೇ. ಅವರಲ್ಲಿ ಒಬ್ಬ ಓಡಿದರೆ ಉಳಿದವರಿಗೂ ಶಿಕ್ಷೆಯಿತ್ತಂತೆ. ಕೊನೆಯಲ್ಲಿ ಬಂದೂಕು ಹಿಡಿದ ಇಂದಿನ ಸೈನ್ಯದ ಸೆಕ್ಷನ್, ಅಲ್ಲೂ ಹತ್ತು ಜನ. ದಂಡು ಲಕ್ಷಕ್ಕೆ ಬೆಳೆದರೂ ಬುಡದ ಗುಂಪು ಒಂದು ಪಾತ್ರೆಯ ಅನ್ನ ಹಂಚಿಕೊಳ್ಳುವಷ್ಟು ಜನಕ್ಕಿಂತ ದೊಡ್ಡದಾಗಲೇ ಇಲ್ಲ.

ಅಮ್ಮ ಕಳೆದ ಚಳಿಗಾಲದಲ್ಲಿ ನನಗೆ ಬುತ್ತಿ ಕೊಡಲು ಬಂದವಳು ಹಾಲ್‌ಗೆ ಹೊಕ್ಕಳು. ನಾನು ತಡೆಯಬೇಕಿತ್ತೋ ಏನೋ. ಈಗ ದಿನವೂ ಬರುತ್ತಾಳೆ. ಬೇರೆಡೆಯೆಲ್ಲ ನೀನು ನಿಂತಿದ್ದೀಯ, ಹಳೆಯ ರೋಮಿನ ಸೈನಿಕರ ಡೇರೆಯಲ್ಲಿ ಮಾತ್ರ ಪಾತ್ರೆಯ ಸುತ್ತ ಕೂತಿದ್ದೀಯ. ಆದ್ದರಿಂದ ಅಮ್ಮನಿಗೆ ಆ ಡೇರೆಯೇ ಬೇಕು. ಡೇರೆಗೆ ಎಂಟು ಜನ, ಹತ್ತು ಡೇರೆ ಸೇರಿದರೆ ಒಂದು ತುಕಡಿ. ಆ ತುಕಡಿಯ ಹೆಸರಿಗೆ ಅವರ ಭಾಷೆಯಲ್ಲಿ ನೂರು ಎಂದು ಅರ್ಥ, ಇದ್ದವರು ಎಂಬತ್ತು ಎಂದು ವಿವರಿಸಿದೆ. "ಉಳಿದ ಇಪ್ಪತ್ತು ಮಕ್ಕಳನ್ನ ಯಾರೂ ಹುಡುಕಲಿಲ್ವೇನೇ?" ಎಂದು ಕೇಳಿದಳು. ಅವರು ಮೊದಲಿನಿಂದಲೂ ಇರಲಿಲ್ಲವೇನೋ ಅಮ್ಮಾ ಎಂದೆ. ಅವಳು ನನ್ನನ್ನು ನೋಡಿದ ಬಗೆ ಬರೆಯಲಾರೆ.

ಎಂಟು ಮುಖವೂ ಒಂದೇ ಆದರೂ ಅವಳು ಒಂದರ ಜೊತೆ ಮಾತ್ರ ಮಾತಾಡುತ್ತಾಳೆ. ಮಿಕ್ಕವರು ನಿನ್ನ ಸ್ನೇಹಿತರಂತೆ. ಅವಳ ಮಗ ಬಾಗಿಲಿನಿಂದ ಮೂರನೆಯವನು. ಹೋದ ವಾರ ಧೂಳು ಒರೆಸಲು ಎಂಟೂ ಬೊಂಬೆಗಳನ್ನು ಹೊರಗೆ ತಂದು, ಯಾವುದು ಎಲ್ಲಿತ್ತೆಂದು ಗುರುತು ಹಾಕದೆ ಕೈಗೆ ಸಿಕ್ಕಂತೆ ಮತ್ತೆ ಕೂರಿಸಿದೆ. ಮರುದಿನ ಅಮ್ಮ ಬಂದವಳು ಮೂರನೆಯವನನ್ನು ದಾಟಿ, ನೇರವಾಗಿ ಮೂಲೆಯವನ ಬಳಿ ಹೋಗಿ, "ಇಲ್ಲಿ ಕೂರಿಸಿಬಿಟ್ಟಳಾ ನಿನ್ನ?" ಎಂದಳು. ಸಂಜೆ ನಾನು ಬೊಂಬೆಯನ್ನು ತಿರುಗಿಸಿ, ಕತ್ತಿನ ಕೀಲಿನವರೆಗೂ ಹುಡುಕಿದೆ. ಯಾವ ವ್ಯತ್ಯಾಸವೂ ಇಲ್ಲ. ಅಂದಿನಿಂದ ಆ ಡೇರೆಗೆ ಬೆನ್ನು ಹಾಕಿ ಕೆಲಸ ಮಾಡಲು ನನಗೆ ಧೈರ್ಯ ಸಾಲುತ್ತಿಲ್ಲ.

ಈಗ ನೋಡಲು ಬಂದವರು ನಗುತ್ತಿದ್ದಾರೆ, ಎಲ್ಲರೂ ಒಬ್ಬಳೇ ತಾಯಿ ಹೆತ್ತವರ ಹಾಗಿದ್ದಾರೆ ಎಂದು. ಮೇಲ್ವಿಚಾರಕರು ಸೋಮವಾರ ಎಲ್ಲ ತಲೆಗಳನ್ನೂ ಬದಲಾಯಿಸಲು ಹೇಳಿದ್ದಾರೆ. ಹೊಸ ತಲೆಗಳು ಕಪಾಟಿನಲ್ಲಿ ಒಣಗುತ್ತಿವೆ. ಅಮ್ಮ ಮಂಗಳವಾರ ಬಂದು ಯಾರನ್ನು ಹುಡುಕುತ್ತಾಳೆ? ಮಗ ಇನ್ನು ಬರುವುದಿಲ್ಲ ಎಂದು ಯಾರಾದರೂ ಅವಳಿಗೆ ಹೇಳಬೇಕು, ಇಲ್ಲವೇ ಈ ಡೇರೆಯ ಮುಂದೆಯೇ ಅವಳ ಆಯುಸ್ಸು ಮುಗಿಯುತ್ತದೆ. ನನ್ನ ಬಾಯಿಂದ ಹೊರಡುತ್ತಿಲ್ಲ.

ಬಿಡುವು ಮುಗಿಯಿತು. ತಾತ ನಿನ್ನನ್ನು ಕೇಳಿದ್ದೇನೆಂದು ಬರೆಯಲು ಹೇಳಿದ. ಎಲ್ಲಿದ್ದರೂ ತಣ್ಣಗಿರು, ಕಂದಾ.

ನಿನ್ನ
ಅಕ್ಕ

ಮರೆತೆ ಎನ್ನಲಾರೆ, ಬರೆಯಲು ಕೈ ಬರಲಿಲ್ಲ: ನಿನ್ನೆ ಒಬ್ಬ ರಜೆಯ ಮೇಲೆ ಬಂದ ಸಿಪಾಯಿ ಹಾಲ್‌ಗೆ ಬಂದು, ಕೊನೆಯ ಸೆಕ್ಷನ್ನಿನ ಎದುರು ಗೋಡೆ ಹಿಡಿದು ಕುಳಿತುಬಿಟ್ಟ. ನಿನ್ನ ಕಾಗದಗಳಲ್ಲಿ ನೀನು ಬರೆಯುತ್ತಿದ್ದ ಉದ್ದಣ್ಣ ಅವನೇ. ನೀರು ಕೊಟ್ಟೆ. "ಅಕ್ಕಾ, ನಾನು ಅವನ ಪಕ್ಕದಲ್ಲೇ ಇದ್ದೆ. ಕಣ್ಣಾರೆ ಕಂಡಿದೀನಿ. ಕಾಯಬೇಡಿ" ಎಂದ. ಉಳಿದದ್ದನ್ನೂ ಹೇಳಿದ, ಅದು ನಿನಗೆ ಗೊತ್ತು. ಭಾನುವಾರ ಬೆಳಿಗ್ಗೆ ಅವನನ್ನು ಮನೆಗೆ ಕರೆದಿದ್ದೇನೆ. ತಲೆಗಳು ಬದಲಾಗುವ ಮೊದಲು ಅಮ್ಮ ಅವನ ಬಾಯಿಂದಲೇ ಕೇಳಲಿ. ನಾನು ಪಕ್ಕದಲ್ಲಿ ಕೂತಿರುತ್ತೇನೆ. ಅವಳಿಗೆ ಇನ್ನೂ ಹೇಳಿಲ್ಲ. ಈಗಲೂ ಹಾಲ್‌ನಿಂದ ಅವಳ ದನಿ ಕೇಳಿಸುತ್ತಿದೆ.