ನಿನ್ನ ವಾರದ ತಪ್ಪು

ಇಚಲಕರಂಜಿ
೧೮ ನವೆಂಬರ್ ೨೦೨೪

ನನ್ನ ಪ್ರೀತಿಯ ಪ್ರಣಾಲಿ,

ನಾವಿಬ್ಬರೂ ನಮ್ಮ ಸಾಫ್ಟ್‌ವೇರಿನ ಪುಟದಲ್ಲಿ ದಿನಾ ಬರೆದುಕೊಳ್ಳುವುದನ್ನೆಲ್ಲ ಊರವರೆಲ್ಲ ಓದುತ್ತಾರೆ. ಅದಕ್ಕೇ ಈ ಸಲ ಕಾಗದ, ಅಂಚೆ. ಕೊಲ್ಹಾಪುರದ ಹಾಸ್ಟೆಲಿನಲ್ಲಿ ಒಂದೇ ತಾಟಿನಲ್ಲಿ ಉಂಡವರಿಗೆ ಇಷ್ಟಾದರೂ ಗುಟ್ಟು ಬೇಡವೇ?

ಮೊನ್ನೆ ನೀನು ಎಲ್ಲರ ಮುಂದೆ ಬರೆದೆ: ತಪ್ಪು ನನ್ನದೇ, ಕೋಡ್ ಪರಿಶೀಲಿಸುವ ಸರದಿಯಿಂದ ನನ್ನ ಹೆಸರು ತೆಗೆಯಿರಿ ಎಂದು. ಅಂದಿನಿಂದ ನನಗೆ ಊಟ ಸೇರುತ್ತಿಲ್ಲ. ಬಿಟ್ಟುಹೋಗಬೇಡ ಎಂದು ಕೇಳಲು ಕೂತಿದ್ದೇನೆ. ಕೇಳುವ ಮೊದಲು ಸ್ವಲ್ಪ ಜಗಳವಾಡುತ್ತೇನೆ, ತಡೆದುಕೋ.

ಮಗ್ಗಕ್ಕೆ ನಕ್ಷೆ ಬಿಡಿಸುವ ಈ ಸಾಫ್ಟ್‌ವೇರ್ ಬರೆದು, ಯಾರು ಬೇಕಾದರೂ ಪುಕ್ಕಟೆ ಬಳಸಲಿ, ತಿದ್ದಲಿ ಎಂದು ಬಿಟ್ಟವಳು ನಾನು. ಎಲ್ಲೆಲ್ಲಿಂದಲೋ ಬರುವ ತಿದ್ದುಪಡಿಗಳನ್ನು ಐದು ವರ್ಷ ಒಬ್ಬಳೇ ಓದಿ, ಸರಿಯಿದ್ದವನ್ನು ಸೇರಿಸುತ್ತಿದ್ದೆ. ಮಣಿಕಟ್ಟು ನೋವು ಹಿಡಿದು ಅರವತ್ತು ತಿದ್ದುಪಡಿ ಹಾಗೇ ಬಿದ್ದಾಗ ನೀನು ಹೇಳಿದೆ, "ಎಷ್ಟಂತ ಒಬ್ಬಾಕೀನ ನೋಡ್ತಿ? ವಾರಾ ಹಂಚ್ಕೊಳ್ಳೂಣು." ನಾನು ನಕ್ಕು ಹೂಂ ಎಂದೆ. ಒಳಗೆ ನಗು ಇರಲಿಲ್ಲ.

ಮೊದಲ ವಾರದಲ್ಲೇ ನೀನು ಅರ್ಧ ಮುಗಿಸಿದೆ. ಅದೂ ಯಾರನ್ನೂ ಬೈಯದೆ! ನಾನು "ಇದು ನಡೆಯುವುದಿಲ್ಲ" ಎಂದು ಒಂದು ಸಾಲು ಗೀಚುತ್ತಿದ್ದ ಕಡೆ ನೀನು ಏಕೆ ನಡೆಯುವುದಿಲ್ಲ ಎಂದು ಹತ್ತು ಸಾಲು ಬರೆಯುತ್ತಿದ್ದೆ. ತಿದ್ದುಪಡಿ ಕಳಿಸುವ ಹುಡುಗ ಅವಧೂತನಿಗೆ ಈ ಕೆಲಸ ಮೊದಲಿನಿಂದ ಕಲಿಸಿದವಳು ನಾನು. ಅವನೇ ನನ್ನ ವಾರದಲ್ಲಿ ಬರೆದ: "ಇದನ್ನ ಪ್ರಣಾಲಿ ಅಕ್ಕಾರ ನೋಡ್ಲಿ ಬಿಡ್ರಿ, ಅವರು ಭಾಳ ಚಂದ ತಿಳಿಸಿ ಹೇಳ್ತಾರ." ಹೊಟ್ಟೆ ಧಗಧಗ ಉರಿಯಿತು ನೋಡು. ನಿನ್ನ ಹೆಸರಿಗೆ ಬೀಳುವ ಒಂದೊಂದು ಧನ್ಯವಾದವನ್ನೂ ಎರಡೆರಡು ಸಲ ಓದುತ್ತಿದ್ದೆ, ನನ್ನ ಹೆಸರು ಎಲ್ಲಾದರೂ ಇದೆಯೇನೋ ಎಂದು.

ಆಮೇಲೆ ನಿನ್ನ ವಾರದಲ್ಲಿ ಅವಧೂತನ ಆ ತಿದ್ದುಪಡಿ ಬಂತು. ನಮ್ಮ ಶೆಡ್ಡುಗಳಲ್ಲಿ ಮಗ್ಗಗಳು ಜೋಡಿಜೋಡಿಯಾಗಿ ಎದುರುಬದುರು ನಿಲ್ಲುತ್ತವೆ, ನಡುವೆ ನಿಂತ ಒಬ್ಬರೇ ಎರಡನ್ನೂ ನಡೆಸಲೆಂದು. ಒಂದು ಬಲಗೈ ಮಗ್ಗ, ಇನ್ನೊಂದು ಎಡಗೈ. ಎಡಗೈ ಮಗ್ಗಕ್ಕೆ ನಕ್ಷೆಯನ್ನು ತಿರುಗಿಸಿ ಕೊಡಬೇಕು. ಹಾಗೆ ತಿರುಗಿಸುವ ಸಾಲುಗಳನ್ನೇ ಅವನು ಬೇಡದ್ದೆಂದು ಅಳಿಸಿದ್ದ. ಮಗ್ಗದ ಶೆಡ್ಡು ಕಾಣದೆ ದೂರದ ಗಡಹಿಂಗ್ಲಜದಲ್ಲಿ ಕೂತ ನಿನಗೆ ಅದು ಹೇಗೆ ತಿಳಿಯಬೇಕು? ನೀನು ಒಪ್ಪಿದೆ. ನಮ್ಮ ಸಾಫ್ಟ್‌ವೇರಿನಲ್ಲೇ ನಕ್ಷೆ ತೆಗೆಯುವ ಇಲ್ಲಿನ ಪಾರೀಸ ಅಣ್ಣನ ಶೆಡ್ಡಿನ ಆರು ಎಡಗೈ ಮಗ್ಗಗಳಲ್ಲಿ ಅಂಚಿನ ಬಳ್ಳಿ ತಿರುಗುಮುರುಗಾಯಿತು. "ಏನ್ ಮಾಡಿಟ್ಟೀರವಾ ಇದು, ಅರ್ಧಾ ಮಾಲ ಉಲ್ಟಾ ಬಂದೈತಿ!" ಎನ್ನುತ್ತ ಅವರು ನಮ್ಮ ಬಾಗಿಲಿಗೇ ಬಂದರು.

ಈಗ ಎಲ್ಲರೂ ಮೊದಲಿನಂತೆ ಕಾಂಚನ ಒಬ್ಬಳೇ ನೋಡಲಿ ಎನ್ನುತ್ತಿದ್ದಾರೆ. ನನಗೆ ಬೇಕಾಗಿದ್ದುದೂ ಇದೇ. ಆದರೆ ನೀನಿಲ್ಲದೆ ಆ ತಿದ್ದುಪಡಿಗಳ ಪಟ್ಟಿಯನ್ನು ತೆರೆಯಲು ಮನಸ್ಸಾಗುತ್ತಿಲ್ಲ.

ಆ ವಾರ ನನಗೆ ಪುರುಸೊತ್ತಿರಲಿಲ್ಲ. ನೋಡಿದ್ದರೆ ಹೇಳುತ್ತಿದ್ದೆ. ಇನ್ನು ಮುಂದೆ ಮಗ್ಗಕ್ಕೆ ಸಂಬಂಧಿಸಿದ್ದನ್ನು ಇಬ್ಬರೂ ನೋಡೋಣ. ಹೋಗಬೇಡ.

ಹೊಟ್ಟೆಕಿಚ್ಚು ಪಟ್ಟರೂ ನಿನ್ನವಳೇ ಆದ,
ಕಾಂಚನ

ತಾ.ಕ.: ಲಕೋಟೆ ಅಂಟಿಸಲು ಹೋದೆ, ಕೈ ಬರಲಿಲ್ಲ. ಪುರುಸೊತ್ತಿರಲಿಲ್ಲ ಎಂದದ್ದು ಸುಳ್ಳು. ನೀನು ಒಪ್ಪುವ ಹಿಂದಿನ ದಿನವೇ ನಾನು ಅವಧೂತನ ಆ ತಿದ್ದುಪಡಿಯನ್ನು ಓದಿದ್ದೆ. ಎಡಗೈ ಮಗ್ಗಕ್ಕೆ ಇದು ಉಲ್ಟಾ ಬರುತ್ತದೆ ಎಂದು ಟೈಪ್ ಕೂಡ ಮಾಡಿದ್ದೆ. ಅವಳ ವಾರ, ಅವಳೇ ಅನುಭವಿಸಲಿ ಎಂದು ಅಳಿಸಿಬಿಟ್ಟೆ. ಈಗಷ್ಟೇ ಹೋಗಿ ಇದನ್ನೆಲ್ಲ ಎಲ್ಲರೂ ಓದುವ ಕಡೆ ನನ್ನ ಹೆಸರಿನಲ್ಲೇ ಬರೆದು ಬಂದೆ. ಸರದಿಯಲ್ಲಿ ನಿನ್ನ ಹೆಸರು ಹಾಗೇ ಇದೆ. ನನ್ನದನ್ನು ಉಳಿಸಬೇಕೋ ತೆಗೆಯಬೇಕೋ, ನೀನೇ ನೋಡಿ ಹೇಳು.